ಸದ್ದಿಗೆ ಅಂಜುತ್ತಿದ್ದ ಇಂದೂ ಕಾಕು

ಇಂದೂ ಕಾಕು ಅವರ ಬಾಗಿಲಿಗೆ ಗಂಟೆ ಇರಲಿಲ್ಲ. ಧನಕವಡಿಯ ನಮ್ಮ ಕಟ್ಟಡದಲ್ಲಿ ಅವರದು ಎದುರು ಮನೆ; ಮರಾಠಿ ರೂಢಿಯಂತೆ ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಹೋದವರು ಮೆಟ್ಟಿಲ ಬಳಿಯೇ ನಿಂತು ಮೆಲ್ಲಗೆ ಕರೆಯಬೇಕು. ಫೋನಿನ ರಿಂಗ್ ಸದಾ ಬಂದ್. ಕುಕ್ಕರ್ ಇಲ್ಲ, ಬೇಳೆ ಪಾತ್ರೆಯಲ್ಲೇ ಗಂಟೆಗಟ್ಟಲೆ ಬೇಯುತ್ತಿತ್ತು. ದೀಪಾವಳಿ ಬಂತೆಂದರೆ ಕಿವಿಗೆ ಹತ್ತಿ ತುರುಕಿಕೊಂಡು ಒಳಕೋಣೆ ಸೇರುತ್ತಿದ್ದರು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ನನಗೆ ಇದೆಲ್ಲ ತಮಾಷೆಯಾಗಿ ಕಾಣುತ್ತಿತ್ತು.

ನಾನು ನಗುವುದನ್ನು ನೋಡಿಯೇ ಒಮ್ಮೆ ಹೇಳಿದರು: "ನಗ್ರಿ, ನಗ್ರಿ. ನಮ್ಮಕ್ಕ ಪರೀಕ್ಷಾಕ್ಕ ಓದ್ಲಿಕ್ಕಂತ ಅಲಾರಾಂ ಇಟ್ಟು ಮಲಗಿದ್ಲು. ಅದು ಹೊಡ್ಕೊಂತು, ಆಕಿ ಎದ್ದು ಕೂತ್ಲು, ಹಂಗ ಬಿದ್ಲು. ಹೋಗೇಬಿಟ್ಲು. ಎದಿ ಬಡಿತ ತಾಳ ತಪ್ಪೋ ಬ್ಯಾನಿ, ನಮ್ಮ ಮನೆತನದಾಗ ಅದ. ಒಮ್ಮೆಲೆ ಸಪ್ಪಳಾದ್ರ ಸಾಕ್ರಿ."

ಅದೇ ಕಾಯಿಲೆ ಅವರಿಗೂ ಇದೆಯೆಂದು ಆಮೇಲೆ ಇಸಿಜಿಯಲ್ಲಿ ಗೊತ್ತಾಗಿತ್ತು. ಮಾತ್ರೆ ಹಿಡಿದರು, ಮದುವೆ ಬಿಟ್ಟರು. ಮತ್ತೆ ನಾನು ನಗಲಿಲ್ಲ.

ಪಿಂಪ್ರಿಯಲ್ಲಿದ್ದ ತಮ್ಮನ ಮಗಳು ಸ್ವಾತಿ ಎರಡು ಸಲ ಎಚ್ಚರ ತಪ್ಪಿ ಬಿದ್ದಳೆಂದು ತಿಳಿದಾಗಿನಿಂದ ಕಾಕುಗೆ ನಿದ್ದೆಯಿಲ್ಲ. ಇಸಿಜಿ ಮಾಡಿಸೆಂದು ತಮ್ಮನ ಬೆನ್ನುಹತ್ತಿದರು. ಅವನದು ಒಂದೇ ಮಾತು: "ವರ ನೋಡ್ಲಿಕ್ಕತ್ತೇವಿ. ಸುದ್ದಿ ಮಾಡಬ್ಯಾಡ ಅಕ್ಕಾ."

ಕೊನೆಗೆ ಸ್ವಾತಿಯ ಸಾಖರಪುಡಾ, ಅಂದರೆ ನಿಶ್ಚಿತಾರ್ಥದ ದಿನ, ಬೀಗರು ಸಕ್ಕರೆ ಪೊಟ್ಟಣ ಕೈಗೆತ್ತಿಕೊಂಡಾಗ, ಕಾಕು ಎದ್ದು ನಿಂತರು. "ಮೊದಲಿಗೆ ಹುಡುಗಿ ಎದಿ ಡಾಕ್ಟರಿಗೆ ತೋರಿಸ್ರಿ. ಸಕ್ಕರಿ ಆಮ್ಯಾಲೆ ಕೊಡ್ರಿ."

ಬೀಗರು ಎದ್ದು ಹೋದರು. ತಮ್ಮನು ಅಕ್ಕನಿಗೆ ಬಾಗಿಲು ತೋರಿಸಿದ. ಜೊತೆಗೆ ಹೋಗಿದ್ದ ನಾನೂ ಬಸ್ಸಿನಲ್ಲಿ, "ಅಷ್ಟು ಜನರೆದುರು ಹೇಳಬಾರದಿತ್ತು ಕಾಕು" ಎಂದುಬಿಟ್ಟೆ. ಅವರು ಕಿಟಕಿಯತ್ತ ತಿರುಗಿದರು. ಆ ಮಾತಾಡಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಆಮೇಲೆ ಮೂರು ವರ್ಷ ಕಾಕು ಮನೆಗೆ ತಮ್ಮನ ಕಡೆಯವರು ಯಾರೂ ಬರಲಿಲ್ಲ. ಹಬ್ಬದ ದಿನ ಹೋಳಿಗೆ ಮಾಡಿ ನನ್ನನ್ನೇ ಕರೆದು ಬಡಿಸುತ್ತಿದ್ದರು. "ಪಿಂಪ್ರಿಯಿಂದ ಏನರ ಸುದ್ದಿ?" ಎಂದು ನನ್ನನ್ನು ಕೇಳುತ್ತಿದ್ದರು. ನನಗೆಲ್ಲಿಂದ ಬರಬೇಕು ಸುದ್ದಿ!

ಹೋದ ವರ್ಷ ಕಾಕುಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗಲೂ ಅದೇ: "ಹುಡುಗಿ ತೋರಿಸ್ಕೊಂಡ್ಲೋ ಇಲ್ಲೋ, ಅದೊಂದು ತಿಳಿದ್ರ ಸಾಕಾಗಿತ್ರಿ."

ಕಾಕು ತೀರಿಕೊಂಡ ಹತ್ತನೆಯ ದಿನ ಸ್ವಾತಿ ಒಬ್ಬಳೇ ನಮ್ಮ ಮನೆಗೆ ಬಂದಳು.

"ಅತ್ತಿ ಮಾತು ಸುಳ್ಳಂತ ತೋರ್ಸ್ಲಿಕ್ಕೇ ಅಪ್ಪ ಇಸಿಜಿ ಮಾಡ್ಸಿದ್ರು. ಬ್ಯಾನಿ ಸಿಕ್ತು. ಆವತ್ತಿಂದ ಗುಳಿಗಿ ತಗೋತೀನ್ರಿ. ಅತ್ತಿಗೆ ಹೇಳಬೇಕಂತ ಭಾಳ ಸಲ ಅನ್ಕೊಂಡೆ, ಅಪ್ಪಗ ಅಂಜಿದೆ. ಆಕಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತಮ್ಮಾ" ಎಂದು ಸುಳ್ಳು ಹೇಳಿದೆ.