ಮೊದಲು ಕಣ್ಣು, ಆಮೇಲೆ ಬಾಯಿ

ತಿಮ್ಮಯ್ಯನವರು ರೋಗಿಯ ಮುಂದೆ ನಿಂತರೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡುಬಿಡುತ್ತಿದ್ದರು. ಮೂಗಿನಲ್ಲಿ ಹುಣಸೆಬೀಜ ಸಿಕ್ಕಿಸಿಕೊಂಡ ಮಗು ಸೂರು ಹಾರಿಹೋಗುವಂತೆ ಅರಚುತ್ತಿರಲಿ, ಕಾಲಿಗೆ ಮೊಳೆ ಹೊಕ್ಕವನು ಕೀಳ್ರೀ ಸ್ವಾಮಿ ಎಂದು ಅಂಗಲಾಚುತ್ತಿರಲಿ, ಅವರ ಕೈ ಮುಂದಕ್ಕೆ ಬರುತ್ತಿರಲಿಲ್ಲ. ಕತ್ತು ವಾಲಿಸಿ ನೋಡುವುದು, ಯಾವಾಗ ಹೋಯಿತು, ಹೇಗೆ ಹೋಯಿತು ಎಂದು ಕೇಳುವುದು, ಮತ್ತೆ ನೋಡುವುದು. ಅರಸೀಕೆರೆಯ ಆ ಸಣ್ಣ ನರ್ಸಿಂಗ್ ಹೋಮಿಗೆ ನಾನು ನರ್ಸಾಗಿ ಸೇರಿದ ಮೊದಲ ವಾರ, ಈ ಮುದುಕನಿಗೆ ಕೆಲಸ ಗೊತ್ತಿಲ್ಲ, ಅದಕ್ಕೇ ಹೀಗೆ ಕಾಲ ತಳ್ಳುತ್ತಾನೆ ಅಂದುಕೊಂಡಿದ್ದೆ.

ಅವರು ಅಲ್ಲಿನ ಡ್ರೆಸ್ಸರ್. ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ದಿನಾ ಹಾರನಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಮೈಯೊಳಗೆ ಏನೋ ಹೊಕ್ಕಿದೆ ಎಂದು ಬಂದವರು ಡಾಕ್ಟರನ್ನು ಬಿಟ್ಟು ಅವರನ್ನೇ ಕೇಳುತ್ತಿದ್ದರು, ಡಾಕ್ಟರೂ ಅಡ್ಡಿ ಮಾಡುತ್ತಿರಲಿಲ್ಲ. ನನಗೆ ಅವರು ಕಲಿಸಿದ ಪಾಠ ಇಷ್ಟೇ: "ಮೊದ್ಲು ಕಣ್ಣು, ಆಮ್ಯಾಕೆ ಬಾಯಿ, ಕೊನೀಗೆ ಕೈ." ನೋಡು, ಕಂಡದ್ದನ್ನು ಬಾಯಿಬಿಟ್ಟು ಹೇಳು, ಆಮೇಲೆ ಮುಟ್ಟು ಎಂದು.

ಹುಣಸೆಬೀಜಕ್ಕೆ ಅವರು ಚಿಮಟವನ್ನೇ ಹಿಡಿಯುತ್ತಿರಲಿಲ್ಲ. ತಾಯಿಯನ್ನು ಕೂರಿಸಿ, ಮಗುವಿನ ಇನ್ನೊಂದು ಹೊಳ್ಳೆ ಒತ್ತಿಹಿಡಿಸಿ, ಬಾಯಿಗೆ ಬಾಯಿಟ್ಟು ಒಂದೇ ಸಲ ಉಫ್ ಅನ್ನು ಎನ್ನುತ್ತಿದ್ದರು. ಬೀಜ ಸಿಂಬಳದ ಸಮೇತ ತಾಯಿಯ ಕೆನ್ನೆಗೇ ಹಾರುತ್ತಿತ್ತು. ಅದನ್ನು ಹತ್ತಿಯಲ್ಲಿ ಸುತ್ತಿ ಅವಳ ಕೈಗೇ ಕೊಟ್ಟು, ಮಗುವಿಗೆ ನಿವಾಳಿಸಿ ಬಿಸಾಡು, ಡಾಕ್ಟರಿಗೆ ಮಾತ್ರ ಹೇಳಬೇಡ ಎಂದು ಕಣ್ಣು ಮಿಟುಕಿಸುತ್ತಿದ್ದರು.

ಒಂದು ದಿನ ಹಳೇಬೀಡಿನ ಕಡೆಯಿಂದ ಶಿಲ್ಪಿಯೊಬ್ಬ ಬಂದ. ಕಲ್ಲು ಕೆತ್ತುವಾಗ ಚೂರು ಸಿಡಿದು ಕಣ್ಣಿಗೆ ಕೂತಿತ್ತು. ಕಣ್ಣಿನ ಕಸವನ್ನು ನಾಲಿಗೆಯಿಂದ ತೆಗೆಯುವುದು ನಮ್ಮ ಕಡೆಯ ರೂಢಿ. ಅವನ ತಾಯಿಯೂ ಹಾಗೆ ಮಾಡಿ ಸೋತಿದ್ದಳು. ನಾನು ಹತ್ತಿ ಸುತ್ತಿದ ಕಡ್ಡಿ ಹಿಡಿದು ಮುನ್ನುಗ್ಗಿದೆ. ತಿಮ್ಮಯ್ಯನವರು ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದರು.

"ಕೈ ಹಿಂದಕ್ಕೆ. ಕಣ್ಣು ಅವಂದು. ನಿನ್ನ ಆತ್ರಕ್ಕೆ ಬಲಿ ಕೊಡಾಕಲ್ಲ."

ಸುತ್ತ ಹತ್ತು ಜನ ಇದ್ದರು. ಯಾರೋ ಕಿಸಕ್ಕನೆ ನಕ್ಕರು. ಚೂರು ಕಣ್ಣಗುಡ್ಡೆಗೇ ನಾಟಿತ್ತು, ನಾನು ಕೆದಕಿದ್ದರೆ ಅವನ ಕಣ್ಣೇ ಹೋಗುತ್ತಿತ್ತು. ಒತ್ತದ ಹಾಗೆ ಮುಚ್ಚಿ ಹಾಸನದ ಕಣ್ಣಿನ ಡಾಕ್ಟರಲ್ಲಿಗೆ ಕಳಿಸಿದರು. ಅವರು ಮಾಡಿದ್ದೇ ಸರಿ. ಆದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ತಿಂಗಳುಗಟ್ಟಲೆ ಅವರ ಹತ್ತಿರ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದೆ.

ಆ ಮುನಿಸು ಆರುವ ಮೊದಲೇ ಕಣಕಟ್ಟೆಯ ಶೋಭಾ ಬಂದಳು. ಕಂಕುಳಲ್ಲಿ ಮೂರು ವರ್ಷದ ಮಗಳು ಚಿನ್ನು. ಮಗುವಿನ ಬಾಯಲ್ಲಿ ಒಂದೇ ಸಮನೆ ಜೊಲ್ಲು. ದೇವರ ಪಟದ ಮುಂದೆ ಆಡುತ್ತಿತ್ತಂತೆ. ಅಲ್ಲಿಟ್ಟಿದ್ದ ಮುಡುಪಿನ ನಾಣ್ಯ ಕಾಣಿಸುತ್ತಿಲ್ಲವಂತೆ. ದೇವರ ನಾಣ್ಯವನ್ನು ಮಗು ನುಂಗಿದರೆ ಕೇಡಾಗುತ್ತದಾ ಎಂಬುದೇ ಅವಳ ಚಿಂತೆ. ಡಾಕ್ಟರು ಹಾಸನಕ್ಕೆ ಹೋಗಿದ್ದರು. ಎಕ್ಸ್‌ರೇ ತೆಗೆಸಿದೆವು. ಎದೆಯ ಮೇಲ್ಭಾಗದಲ್ಲಿ ಬಿಲ್ಲೆಯಂಥ ಬಿಳೀ ಗುಂಡು.

ತಿಮ್ಮಯ್ಯನವರು ಫಿಲ್ಮನ್ನು ಕಿಟಕಿಗೆ ಹಿಡಿದು, ನಾಣ್ಯವೇ, ಇಂಥವನ್ನು ಎಷ್ಟು ನೋಡಿಲ್ಲ ಎಂದರು. ಸಂಜೆ ಡಾಕ್ಟರು ಬರುತ್ತಾರೆ, ಅಲ್ಲಿತನಕ ಮನೆಗೆ ಕರಕೊಂಡು ಹೋಗಿ ಬಾಳೆಹಣ್ಣು ತಿನ್ನಿಸು, ತಾನೇ ಇಳಿದು ಬರುತ್ತದೆ ಎಂದು ಶೋಭಾಗೆ ಧೈರ್ಯ ಹೇಳಿ, ಕವರಿಗೆ ಹಾಕಲು ಫಿಲ್ಮನ್ನು ನನಗೆ ಕೊಟ್ಟರು.

ನಾನು ನೋಡಿದೆ. ಗುಂಡಿನ ಅಂಚಿನೊಳಗೆ ಇನ್ನೊಂದು ಅಂಚು, ಬಳೆಯೊಳಗೆ ಬಳೆ. ನಾಣ್ಯಕ್ಕೆ ಒಂದೇ ಅಂಚು, ಅಂಗಿಗುಂಡಿಯಂಥ ಬಟನ್ ಬ್ಯಾಟರಿಗೆ ಎರಡು ಎಂದು ನರ್ಸಿಂಗ್ ಸ್ಕೂಲಿನಲ್ಲಿ ನಮ್ಮ ಟೀಚರ್ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಬ್ಯಾಟರಿಯಾದರೆ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡಲು ಶುರುವಾಗುತ್ತದೆ, ಕಾಯಬಾರದು. ಹೇಳಲು ಬಾಯಿ ತೆರೆದೆ. ಮಣಿಕಟ್ಟು ನೆನಪಾಯಿತು. ತಪ್ಪಾದರೆ ಮತ್ತೆ ಎಲ್ಲರೆದುರು ಮುಖಭಂಗ. ಬರೆಯಲು ನಾಚಿಕೆಯಾಗುತ್ತದೆ, ಇನ್ನೊಂದು ಆಸೆಯೂ ಇತ್ತು: ನಾನು ಕಂಡದ್ದೇ ನಿಜವಾದರೆ ಡಾಕ್ಟರೇ ಬಂದು ಹೇಳಲಿ, ಒಂದು ಸಲ ಇವರ ಮುಖವೂ ಇಳಿಯಲಿ. ಫಿಲ್ಮನ್ನು ಕವರಿಗೆ ಹಾಕಿ ಶೋಭಾಳ ಕೈಗಿಟ್ಟೆ.

ಆ ಸಂಜೆ ಡಾಕ್ಟರು ಬರಲಿಲ್ಲ. ಬೆಳಿಗ್ಗೆ ಚಿನ್ನು ರಕ್ತ ಕಾರಿದಳು. ಅಷ್ಟರಲ್ಲಿ ಮುಡುಪಿನ ನಾಣ್ಯ ಚಾಪೆಯಡಿ ಸಿಕ್ಕಿತ್ತು. ಪಟದ ಮುಂದಿನ ಬ್ಯಾಟರಿ ದೀಪದ ತಳ ತೆರೆದಿತ್ತು, ಒಳಗೆ ಬ್ಯಾಟರಿ ಇರಲಿಲ್ಲ. ಹಾಸನಕ್ಕೆ ಓಡಿದರು, ಅಲ್ಲಿಂದ ಬೆಂಗಳೂರಿಗೆ. ಮಗು ಉಳಿಯಿತು. ಆದರೆ ಅನ್ನನಾಳ ಸುಟ್ಟು ಕುಗ್ಗಿ, ಎರಡು ವರ್ಷ ಹೊಟ್ಟೆಗೆ ಹಾಕಿದ ನಳಿಕೆಯಲ್ಲೇ ಗಂಜಿ.

"ನೋಡಿ ಕಳಿಸ್ದೋನು ನಾನೇಯ," ಎಂದು ತಿಮ್ಮಯ್ಯನವರು ಡಾಕ್ಟರೆದುರು, ಶೋಭಾಳೆದುರು ಒಪ್ಪಿಕೊಂಡು ಅದೇ ವಾರ ಕೆಲಸ ಬಿಟ್ಟರು. ನನ್ನ ಹೆಸರು ಬರಲಿಲ್ಲ. ನಾನೂ ಹೇಳಲಿಲ್ಲ.

ಆಮೇಲೆ ಅವರು ಜೇಬಿನಲ್ಲಿ ಗಾಯಕ್ಕೆ ಹಾಕುವ ಪ್ಲಾಸ್ಟರಿನ ಸುರುಳಿ ಇಟ್ಟುಕೊಂಡು ಬಸ್ಸು ಹತ್ತತೊಡಗಿದರು. ಅಂಗನವಾಡಿ, ನೆಂಟರ ಮನೆ, ಗುರುತಿಲ್ಲದವರ ಮನೆ, ಎಲ್ಲೆಂದರಲ್ಲಿ ನುಗ್ಗಿ ರಿಮೋಟು, ಆಟದ ಸಾಮಾನು, ಬ್ಯಾಟರಿ ದೀಪಗಳ ತಳಕ್ಕೆ ಪ್ಲಾಸ್ಟರು ಸುತ್ತುತ್ತಿದ್ದರು. ಅರವತ್ತಕ್ಕೆ ಅರಳು ಮರಳು ಎಂದು ಜನ ನಕ್ಕರು.

ನನ್ನ ಮಗಳ ನಾಮಕರಣಕ್ಕೂ ಬಂದರು. ಅಕ್ಷತೆ ಹಾಕುವ ಮೊದಲೇ ನಮ್ಮ ಮನೆಯ ರಿಮೋಟಿಗೆ ಪ್ಲಾಸ್ಟರು ಸುತ್ತಿದರು. ತೊಟ್ಟಿಲ ಪಕ್ಕ ಕೈಯನ್ನು ಹಿಂದೆ ಕಟ್ಟಿ ನಿಂತರು, ಎತ್ತಿಕೊಳ್ಳಿ ಎಂದರೂ ಎತ್ತಿಕೊಳ್ಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವತ್ತು ನನಗೆ ಕಂಡಿತ್ತು ಸಾರ್ ಎಂದೆ.

"ಗೊತ್ತು ಕಣವ್ವ. ಕವರಿಗೆ ಹಾಕೋವಾಗ ನೀನು ಬಾಯಿ ತೆಗ್ದು ಮುಚ್ಕಂಡೆ. ನಾನೂ ಕೇಳ್ನಿಲ್ಲ. ಕಣ್ಣು ನಿಂಗಿತ್ತು. ಬಾಯಿ ಮುಚ್ಚಿಸ್ದೋನು ನಾನೇ."

ಅದೇ ಕೊನೆಯ ಭೇಟಿ. ನಾಲ್ಕು ತಿಂಗಳಿಗೆ ಎದೆನೋವು ಬಂದು ಹೋದರು. ಮಣ್ಣಿಗೆ ಹಾರನಹಳ್ಳಿಗೆ ಹೋದಾಗ ಅಂಗಳದಲ್ಲಿ ಶೋಭಾ ನಿಂತಿದ್ದಳು, ಚಿನ್ನುವಿನ ಕೈ ಹಿಡಿದು. ಒಳ್ಳೆ ಮನುಷ್ಯ, ಆ ಕೂಸೊಂದನ್ನು ಹಾಳು ಮಾಡಿಬಿಟ್ಟ ಎಂದು ನನ್ನ ಪಕ್ಕದ ಹೆಂಗಸು ಪಿಸುಗುಟ್ಟಿದಳು. ಶೋಭಾಗೂ ಕೇಳಿಸಿತು. ನಾನು ಅವಳ ಹತ್ತಿರ ಹೋದೆ.

"ಆ ಫಿಲ್ಮು ನಾನೂ ನೋಡಿದ್ದೆ ಶೋಭಾ. ಬ್ಯಾಟರಿ ಅಂತ ನಂಗೆ ಗೊತ್ತಾಗಿತ್ತು."

ಅವಳು ಬಗ್ಗಿ ಚಿನ್ನುವನ್ನು ಎತ್ತಿಕೊಂಡು, ನನ್ನಿಂದ ದೂರ, ಚಾಪೆಯ ಮೇಲೆ ಮಲಗಿಸಿದ್ದ ತಿಮ್ಮಯ್ಯನವರ ತಲೆಯ ಕಡೆಗೆ ಹೋಗಿ ಕೂತಳು.