ಮುದ್ದೆ ಆಟಕ್ಕೆ ಬಾಯಿರಲಿಲ್ಲ

ನಮ್ಮ ಶಾಲೆಯ ವಿಜ್ಞಾನದ ಲ್ಯಾಬಿನಲ್ಲಿ ಅಕ್ಕಿ ಇತ್ತು. ಪ್ರಯೋಗಕ್ಕಲ್ಲ, ಬಿಸಿಯೂಟಕ್ಕೆ. ಮಳವಳ್ಳಿ ಕಡೆಯ ಆ ಸರ್ಕಾರಿ ಶಾಲೆಗೆ ನಾನು ವಿಜ್ಞಾನ ಕಲಿಸಲು ಬಂದ ಹೊಸತರಲ್ಲೇ ಅಡುಗೆಮನೆ ಗೋಡೆಗೆ ತೇವ ಬಂದು, ಮೂಟೆಗಳನ್ನು ‘ಸದ್ಯಕ್ಕೆ’ ಅಂತ ಅಲ್ಲಿ ಇಟ್ಟರು. ಆ ಸದ್ಯಕ್ಕೆ ಮುಗಿಯುವ ಹೊತ್ತಿಗೆ ಆಗಿನ ಏಳನೇ ಕ್ಲಾಸಿನ ಮಕ್ಕಳು ಇಂಜಿನಿಯರಿಂಗ್ ಸೇರಿದ್ದರು. ಗಾಜಿನ ಕೊಳವೆಗಳ ಬೀರು ಮೂಟೆಗಳ ಹಿಂದೆ ಸಿಕ್ಕಿಕೊಂಡಿತ್ತು. ನಾನು ಅಷ್ಟೂ ವರ್ಷ ವಿಜ್ಞಾನವನ್ನು ಹರಿಕಥೆಯ ಹಾಗೆ ಬಾಯಲ್ಲೇ ಹೇಳಿಕೊಂಡು ಬಂದೆ.

ಆ ಮಕ್ಕಳಲ್ಲಿ ಒಬ್ಬಳು ಹೋದ ವರ್ಷ ಮಂಡ್ಯದಿಂದ ಫೋನ್ ಮಾಡಿದಳು. “ಮಿಸ್, ನಮ್ ಕಾಲೇಜಲ್ಲಿ ಗೇಮ್ ಜಾಮ್ ಅಂತ ಮಾಡ್ತಾವ್ರೆ. ಸನಿವಾರ ಸುರು ಮಾಡಿ ಭಾನುವಾರ ಸಂಜೆ ಒಳಗೆ ಒಂದ್ ವಿಡಿಯೋ ಗೇಮ್ ಕಟ್ಬೇಕು, ಸೈನ್ಸ್ ಕಲ್ಸೋ ಅಂತದ್ದು. ಟೀಮಲ್ಲಿ ಒಬ್ರು ಟೀಚರ್ ಇರ್ಲೇಬೇಕಂತೆ. ಬನ್ನಿ ಮಿಸ್.”

ಮದುವೆ ಮಾತುಕತೆಗೆ ಹಿರಿಯರೊಬ್ಬರು ಇರಲೇಬೇಕು ಅನ್ನುವ ಹಾಗೆ ಅನ್ನಿ. ಕೆಲಸವೇನೂ ಇರುವುದಿಲ್ಲ, ಕುರ್ಚಿ ಖಾಲಿ ಇರಬಾರದು ಅಷ್ಟೇ. ರಜೆ ದಿನ ಯಾರು ಹೋಗುತ್ತಾರೆ ಅಂದುಕೊಂಡಿದ್ದೆ. ಆದರೆ ಹೆಡ್‌ಮಾಸ್ಟರಿಗೆ ವಿಷಯ ತಿಳಿದು, ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ ಧಾರಾಳವಾಗಿ ಮಾತು ಕೊಟ್ಟುಬಿಟ್ಟರು. “ಮೇಡಂ, ಒಂದು ಬಹುಮಾನ ಹೊಡ್ಕಂಡ್ ಬನ್ನಿ. ಮಾರ್ನೆ ದಿನವೇ ಲ್ಯಾಬಿಂದ ಮೂಟೆ ಎತ್ತುಸ್ಬುಡ್ತೀನಿ.” ಬಹುಮಾನ ಹೇಗೂ ಬರುವುದಿಲ್ಲ ಎಂಬ ಧೈರ್ಯ ಅವರಿಗಿತ್ತು. ನನಗೆ ಆ ಲ್ಯಾಬು ಬೇಕಾಗಿತ್ತು, ಹೊಟ್ಟೆ ಉರಿಯುವಷ್ಟು ಬೇಕಾಗಿತ್ತು. ಶನಿವಾರ ಮೊದಲ ಬಸ್ಸಿಗೇ ಮಂಡ್ಯಕ್ಕೆ ಹೊರಟೆ.

ನಮ್ಮ ಟೀಮಿನಲ್ಲಿ ಮೂರು ಜನ. ಕೋಡ್ ಬರೆಯಲು ನನ್ನ ಶಿಷ್ಯೆ, ಚಿತ್ರ ಬರೆಯಲು ಅವಳ ಕ್ಲಾಸಿನ ಹೊಳಲು ಊರಿನ ಹುಡುಗ, ಕುರ್ಚಿಗೆ ನಾನು. ವಿಷಯ ಮಾತ್ರ ನಾನೇ ಆರಿಸಿದೆ: ಜೀರ್ಣಕ್ರಿಯೆ. ನಾಯಕ ಯಾರು ಅಂತ ಚರ್ಚೆ ಆಗಲೇ ಇಲ್ಲ. ಮಂಡ್ಯದಲ್ಲಿ ಕೂತು ಊಟದ ಆಟ ಕಟ್ಟುವವರು ರಾಗಿ ಮುದ್ದೆಯನ್ನಲ್ಲದೆ ಇನ್ನೇನನ್ನು ನಾಯಕ ಮಾಡುತ್ತಾರೆ? ಆ ಹುಡುಗ ಮುದ್ದೆಗೆ ಮೀಸೆ ಇಟ್ಟ. ಮುದ್ದೆ ಬಸ್ಸಾರಿನಲ್ಲಿ ಒಮ್ಮೆ ಉರುಳಿ, ಗಂಟಲೊಳಗೆ ಜಾರಿ, ಜಠರದ ಆಮ್ಲದಲ್ಲಿ ಈಜಿ, ಸಣ್ಣ ಕರುಳಿನ ತಿರುವುಗಳಲ್ಲಿ ಓಡಬೇಕು. ಭಾನುವಾರದ ಹೊತ್ತಿಗೆ ಮುದ್ದೆ ನಿಜವಾಗಿಯೂ ಓಡುತ್ತಿತ್ತು. ಪಕ್ಕದ ಟೇಬಲಿನವರ ಗ್ರಹಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಬಹುಮಾನ ನಮಗೇ ಎಂದು ನಾನು ಮನಸ್ಸಿನಲ್ಲೇ ಬೀರು ಒರೆಸಲು ಶುರು ಮಾಡಿದೆ.

ತೀರ್ಪುಗಾರರು ಬೆಂಗಳೂರಿನಲ್ಲಿ ಗೇಮು ಮಾಡುವ ಕಂಪನಿಯವರು. ಇಷ್ಟು ದೊಡ್ಡ ಹೆದ್ದಾರಿ ಮಾಡಿಕೊಟ್ಟಿದ್ದರೂ ಅದನ್ನು ಬಿಟ್ಟಿಳಿದು, ಮದ್ದೂರಿನೊಳಗೆ ವಡೆ ತಿಂದು, ಬೇಕಾದಷ್ಟು ತಡವಾಗಿ ಬಂದರು. ಮಧ್ಯಾಹ್ನ ಮುದ್ದೆ ಬಡಿಸಿದಾಗ ಅದನ್ನು ಚೂಯಿಂಗ್ ಗಮ್ಮಿನ ಹಾಗೆ ಅಗಿಯುತ್ತಾ ಕೂತರು. ಬಡಿಸುವವರಿಗೆ ನೋಡಲಾಗಲಿಲ್ಲ. “ಅಗೀಬ್ಯಾಡಿ ಸಾ, ಅಲ್ಲಿಗೆಲ್ಲ ಮೆತ್ಕತದೆ. ಸಾರಲ್ಲಿ ಅದ್ದಿ ನುಂಗ್ಬುಡಿ.” ಅವರು ಕೇಳಲಿಲ್ಲ.

ಸಂಜೆ ನಮ್ಮ ಆಟವನ್ನು ಆಡಿ, ನಕ್ಕು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು. “ಬಾಯಿ ಎಲ್ಲಿ?”

ಮೂವರೂ ಪರದೆ ನೋಡಿದೆವು. ಗಂಟಲಿತ್ತು, ಜಠರವಿತ್ತು, ಕರುಳಂತೂ ಬೇಕಾದಷ್ಟಿತ್ತು. ಹಲ್ಲಿಲ್ಲ, ನಾಲಗೆಯಿಲ್ಲ, ಒಂದು ಹನಿ ಜೊಲ್ಲಿಲ್ಲ. ತಟ್ಟೆ ಬಿಟ್ಟ ಮುದ್ದೆ ನೇರ ಗಂಟಲಿಗೆ ಹೋಗಿತ್ತು.

ಹೊಳಲಿನ ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಮುದ್ದೆನ ಯಾರ್ ಸಾ ಅಗೀತಾರೆ? ನುಂಗಾದಲ್ವಾ?”

“ಜೀರ್ಣಕ್ರಿಯೆ ಬಾಯಲ್ಲೇ ಶುರು ಆಗುತ್ತಲ್ಲವೇ ಮೇಡಂ?” ಎಂದು ಅವರು ನನ್ನ ಕಡೆ ತಿರುಗಿದರು. ಬಹಳ ವಿನಯದಿಂದ ಕೇಳಿದರು, ಅದು ಇನ್ನೂ ಉರಿಸಿತು. ಆ ವಾಕ್ಯವನ್ನು ನಾನು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತೇನೆ. ಎರಡು ದಿನ ಪಕ್ಕದಲ್ಲೇ ಕೂತಿದ್ದರೂ ಆಟದಲ್ಲಿ ಬಾಯಿಲ್ಲದ್ದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಹುಟ್ಟಿದಾಗಿಂದ ನುಂಗಿಕೊಂಡು ಬಂದವಳಲ್ಲವೇ ನಾನೂ.

ಅವರು ಆಚೆ ಹೋದ ಮೇಲೆ ಸಿಟ್ಟನ್ನು ಶಿಷ್ಯೆಯ ಮೇಲೆ ತೀರಿಸಿದೆ. “ಏನೇ, ಏಳನೇ ಕ್ಲಾಸಲ್ಲಿ ಹೇಳ್ಕೊಟ್ಟಿರ್ಲಿಲ್ವಾ ನಾನು?”

ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೇಳಿದಳು. “ಯೋಳಿದ್ರಿ ಮಿಸ್. ಪರೀಕ್ಸೇಲೂ ಬರ್ದೆ, ಪೂರ್ತಿ ಮಾರ್ಕ್ಸ್ ಕೊಟ್ರಿ. ತೋರುಸ್ನಿಲ್ಲ ಅಷ್ಟೆ. ಮೂಟೆ ಅಡ್ಡ ಇದ್ವಲ್ಲ.”

ಅವಳಿಗೆ ನನ್ನ ಮೇಲೆ ಕೋಪವೂ ಇರಲಿಲ್ಲ. ನನಗೆ ಮಾತ್ರ ಎಲ್ಲರೆದುರು ಅಳು ಬಂತು. ಏಸಿ ಜಾಸ್ತಿಯಾಯಿತು ಎಂದು ಹೇಳಿ ಹೊರಗೆ ಹೋಗಿ ನಿಂತೆ.

ವಿಜ್ಞಾನದ ಬಹುಮಾನ ಡಿಕ್ಕಿ ಹೊಡೆಯುವ ಗ್ರಹಗಳಿಗೆ ಹೋಯಿತು. ಆದರೆ ನಮ್ಮನ್ನೂ ವೇದಿಕೆಗೆ ಕರೆದರು. ಬಾಯಿಯನ್ನೇ ಕೈಬಿಟ್ಟು ಈ ನೆಲದ ಊಟದ ಪದ್ಧತಿಯನ್ನು ಎತ್ತಿಹಿಡಿದಿದ್ದಕ್ಕೆ ‘ಸ್ಥಳೀಯ ಸಂಸ್ಕೃತಿ’ ವಿಶೇಷ ಬಹುಮಾನವಂತೆ! ಹೊಳಲಿನ ಹುಡುಗ ಎದೆಯುಬ್ಬಿಸಿ ನಿಂತ. ನಾನೂ ಹಲ್ಲುಕಿರಿದೆ. ಯಾವುದಕ್ಕಾದರೂ ಕೊಡಲಿ, ಬಹುಮಾನ ಬಹುಮಾನವೇ. ಮೂಟೆ ಎದ್ದರೆ ಸಾಕಿತ್ತು.

ಸೋಮವಾರ ಹೆಡ್‌ಮಾಸ್ಟರು ನಾನು ತಂದ ಬಹುಮಾನದ ಪದಕವನ್ನು ತಿರುಗಿಸಿ ತಿರುಗಿಸಿ ನೋಡಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಪೂಜಾರಿ ಹಾಗಲ್ಲ, ಮಾತಿಗೆ ತಪ್ಪುವವರಲ್ಲ. “ಮೂಟೆ ಇವತ್ತೇ ಎತ್ತುಸ್ತೀನಿ ಮೇಡಂ. ಆದ್ರೆ ನೋಡಿ, ಬಹುಮಾನ ಬಂದಿರಾದು ಸಂಸ್ಕೃತಿಗೆ. ರೂಮೂ ಸಂಸ್ಕೃತಿಗೇ ಓಗ್ಬೇಕಾದು ನ್ಯಾಯ ಅಲ್ವಾ? ತಮಟೆ, ಕೋಲಾಟದ ಕೋಲು, ನಾಟಕದ ಬಟ್ಟೆ ಎಲ್ಲ ಎಲ್ಲೆಲ್ಲೋ ಬಿದ್ದವೆ. ಅಲ್ಲಿ ಜೋಡ್ಸನ.”

“ಮೂಟೆ ಎಲ್ಲಿಗೆ ಸರ್?”

“ಸದ್ಯಕ್ಕೆ ಸ್ಟಾಫ್ ರೂಮ್ಗೆ.”

ಜಗಳವಾಡಿದೆ. ಏನೇನು ಅಂದೆನೋ ನೆನಪಿಲ್ಲ, ಗೌರವದ ಮಾತಂತೂ ಅಲ್ಲ. ಅವರು ತಣ್ಣಗೆ ಪದಕವನ್ನು ಮೊಳೆಗೆ ನೇತುಹಾಕಿದರು. ಹೊರಗೆ ಬಂದಾಗ ಹಮಾಲಿಗಳು ಕೊನೆಯ ಮೂಟೆ ಹೊರುತ್ತಿದ್ದರು. ತಮಟೆಗಳು ಇನ್ನೂ ಬಂದಿರಲಿಲ್ಲ. ಮುಂದಿನ ಪೀರಿಯಡ್ಡು ನನ್ನದೇ, ಏಳನೇ ಕ್ಲಾಸು.

ಮಕ್ಕಳನ್ನೆಲ್ಲ ಲ್ಯಾಬಿಗೆ ನುಗ್ಗಿಸಿದೆ. ಬೀರುವಿನ ಬೀಗವನ್ನು ಕಲ್ಲಿನಲ್ಲಿ ಕುಟ್ಟಿ ತೆಗೆದೆ. ಅಡುಗೆಯವರಿಂದ ಆಗತಾನೇ ಬಸಿದ ಅನ್ನ ತರಿಸಿದೆ. ಒಂದು ಕೊಳವೆಗೆ ಬರೀ ಅನ್ನ ಹಾಕಿ, ಇನ್ನೊಂದಕ್ಕೆ ಒಬ್ಬ ಹುಡುಗಿಯಿಂದ ಚೆನ್ನಾಗಿ ಅಗಿಸಿ ಉಗುಳಿಸಿದೆ. ಮಕ್ಕಳು ಥೂ ಥೂ ಎಂದು ಕುಣಿದಾಡಿದರು. ಎರಡಕ್ಕೂ ನೀರು ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಗಾಯದ ಔಷಧಿ ಡಬ್ಬದಲ್ಲಿದ್ದ, ಪಿಷ್ಟ ಸಿಕ್ಕರೆ ನೀಲಿಯಾಗುವ ಅಯೋಡಿನ್ ತಂದು ತೊಟ್ಟಿಕ್ಕಿಸಿದೆ. ಬರೀ ಅನ್ನ ಕಡುನೀಲಿಯಾಗಿ ಕಪ್ಪಿಟ್ಟಿತು. ಅಗಿದ ಅನ್ನ ಹಾಗಾಗಲಿಲ್ಲ.

ಹಿಂದೆ ತಮಟೆಗಳು ಬಂದು ಬಾಗಿಲಲ್ಲಿ ನಿಂತಿದ್ದವು. “ಮೇಡಂ, ಜಾಗ ಬುಡಿ,” ಎಂದು ಯಾರೋ ಕೂಗಿದರು. ಅಗಿದು ಉಗುಳಿದ ಹುಡುಗಿ ಮಾತ್ರ ತನ್ನ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಜಾಗ ಬಿಡದೆ ನಿಂತಿದ್ದಳು.

“ಮಿಸ್,” ಅಂದಳು, “ನಾನೇನ್ ಮಾಡ್ದೆ ಇದ್ಕೆ?”