ಜಮಖಾನದ ಅಂಗಡಿಯಲ್ಲಿ ಕೋಲಾಟ

ಅಂಗಡಿಯವನು ಆ ದಿನ ನೀಲಿ ಲುಂಗಿ ಉಟ್ಟಿದ್ದ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಹೆಂಡತಿ ಅವನು ಪ್ಯಾಂಟು ತೊಟ್ಟಿದ್ದ ಎನ್ನುತ್ತಾಳೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಹೊಲಿದುಕೊಂಡದ್ದೆಷ್ಟು ಎಂದು ನನ್ನನ್ನು ಕೇಳಬೇಡಿ. ನಕ್ಕದ್ದು ಮಾತ್ರ ನಿಜ. ಮಾರನೆಯ ದಿನ ಪಕ್ಕೆ ಹಿಡಿದುಕೊಂಡು ಕೆಲಸಕ್ಕೆ ಹೋಗಿದ್ದೆ.

ದೊಡ್ಡಬಳ್ಳಾಪುರದಲ್ಲಿ ನಾವು ಬಾಡಿಗೆಗಿರುವುದು ಎರಡನೇ ಮಹಡಿಯ ಪುಟ್ಟ ಫ್ಲ್ಯಾಟಿನಲ್ಲಿ. ಹಾಲಿನಲ್ಲಿ ಸೋಫಾ ಇಟ್ಟರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಸೋಫಾ ಮಾರಿ ಬಾಗಿಲು ಉಳಿಸಿಕೊಂಡೆವು. ಆ ಖಾಲಿ ಜಾಗ ನೋಡಿದ್ದೇ ಹೆಂಡತಿಗೆ ಕಾಲು ತುರಿಸತೊಡಗಿತು. ಅವಳದು ಇದೇ ಸೀಮೆಯ ವಿಜಯಪುರದ ಪಕ್ಕದ ಹಳ್ಳಿ, ಚಿಕ್ಕಂದಿನಿಂದ ಕೋಲಾಟ ಆಡಿ ಬೆಳೆದವಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ತರಕಾರಿಯವಳ ಹೊರತು ಅವಳಿಗೆ ಮಾತಾಡಲು ಯಾರೂ ಇರಲಿಲ್ಲ. ಅಕ್ಕಪಕ್ಕದ ಆರು ಹೆಂಗಸರು "ನಮಗೂ ಹೇಳ್ಕೊಡಿ" ಎಂದು ಬಂದಾಗ ಅವಳು ಕ್ಯಾಲೆಂಡರಿನ ಭಾನುವಾರಗಳಿಗೆಲ್ಲ ಸೊನ್ನೆ ಸುತ್ತಿದಳು.

ಎರಡು ಭಾನುವಾರ ಕಳೆಯುವಷ್ಟರಲ್ಲಿ ಕೆಳಗಿನ ಮನೆಯಿಂದ ಓನರ್ ಅಜ್ಜಿ ಹತ್ತಿಬಂದರು.

"ಏನ್ರಮ್ಮಾ, ನನ್ನ ಸೂರು ಕಿತ್ತು ಕೆಳಗಿಳಿಸ್ಬೇಕು ಅಂತಿದೀರಾ? ನೆಲಕ್ಕೆ ಏನಾದ್ರೂ ದಪ್ಪಕ್ಕೆ ಹಾಸಿ. ಇಲ್ಲಾಂದ್ರೆ ಮುಂದಿನ ವಾರದಿಂದ ಕೋಲಾಟ ಬಂದ್!"

ಹೆಂಡತಿ ಆ ವಾರವೆಲ್ಲ ಕ್ಯಾಲೆಂಡರಿನ ಹತ್ತಿರ ಹೋಗಿ ಹೋಗಿ ನಿಲ್ಲುತ್ತಿದ್ದಳು. ಅವಳ ಮನಸ್ಸು ತಿಳಿಯಲು ನನಗೆ ಅಷ್ಟು ಸಾಕಿತ್ತು.

ಮೊದಲು ಫೋನಿನಲ್ಲಿ ಕಾರ್ಪೆಟ್ ಹುಡುಕಿದೆವು. ಎಲ್ಲದರ ಮೇಲೂ ಒಂದೊಂದು ದಪ್ಪ ನಾಯಿ ಮಲಗಿತ್ತು, ಎಲ್ಲದರ ಬೆಲೆಯೂ ನಮ್ಮ ಬಾಡಿಗೆಯನ್ನು ದಾಟಿತ್ತು. ಕೊನೆಗೆ ಭಾನುವಾರ ಬೆಳಿಗ್ಗೆ, ಕ್ಲಾಸಿಗೆ ಇನ್ನು ಕೆಲವೇ ಗಂಟೆ ಇರುವಾಗ, ಪೇಟೆಯ ಹಾಸಿಗೆ ಅಂಗಡಿಗೆ ನುಗ್ಗಿದೆವು. ಲಾರಿ ಟೈರಿನ ವಾಸನೆಯ ರಬ್ಬರ್ ಹಾಸು, ನವಿಲಿನ ಚಿತ್ರದ ನೈಲಾನ್ ಕಾರ್ಪೆಟ್, ಅಂಗಾಲಿಗೆ ಚುಚ್ಚುವ ತೆಂಗಿನ ನಾರಿನದು, ಮದುವೆ ಮನೆಗಳಲ್ಲಿ ಹಾಸುವ ಪಟ್ಟೆ ಪಟ್ಟೆ ಹತ್ತಿ ಜಮಖಾನ. ಹೆಂಡತಿ ಒಂದೊಂದರ ಮೇಲೂ ನಿಂತು ಕಾಲು ಕುಟ್ಟಿದಳು. ಕೆಳಗೆ ಕಲ್ಲಿನ ನೆಲ, ಅದರ ಕೆಳಗೆ ಭೂಮಿ. ಏನು ಕುಟ್ಟಿದರೂ ಏನೂ ಗೊತ್ತಾಗಲಿಲ್ಲ.

"ಮೇಡಂ, ಮೇಲೆ ಮರದ ಅಟ್ಟ ಐತೆ," ಎಂದ ಅಂಗಡಿಯವನು. "ನೀವಲ್ಲಿ ಕುಣೀರಿ. ಸಾರ್ ಇಲ್ಲಿ ನಿಂತ್ಕೊಂಡು ಕೇಳ್ಲಿ."

ನನಗೆ ರೋಮಾಂಚನವೇ ಆಯಿತು. ನಾನು ಕೆಲಸ ಮಾಡುವುದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಯಾವ ತುಂಡು ಯಾವುದು ಎಂದು ತಿಳಿಯದಂತೆ ಇಟ್ಟು ಪರೀಕ್ಷೆ ಮಾಡುವುದೇ ನನ್ನ ದಿನಚರಿ.

"ಯಾವುದು ಹಾಸಿದೀರಿ ಅಂತ ನನಗೆ ಹೇಳ್ಬೇಡಿ. ಬರೀ ನಂಬರ್ ಕೂಗಿ. ನಾನು ಹತ್ತಕ್ಕೆ ಮಾರ್ಕ್ಸ್ ಕೊಡ್ತೀನಿ."

"ಇವರು ಮನೇಲೂ ಹಿಂಗೇ ಕಣಣ್ಣ," ಎಂದಳು ಹೆಂಡತಿ ಏಣಿ ಹತ್ತುತ್ತ. "ಸಾರಿಗೆ ಉಪ್ಪು ಸಾಕಾ ಅಂದ್ರೆ ಎರಡು ಬಟ್ಲು ಇಟ್ಕೊಂಡು ಕಣ್ಣು ಮುಚ್ಕೋತಾರೆ!"

ಅಂಗಡಿಯವನೂ ಹಾಸುಗಳನ್ನು ಹೊತ್ತು ಹಿಂದೆಯೇ ಹತ್ತಿ, ಅವಳ ಕೈಗೆ ಎರಡು ಅಳತೆ ಕೋಲು ಕೊಟ್ಟ. "ಒಂದೂ!" ಎಂದು ಕೂಗಿದ. ಅಟ್ಟ ಗುಡುಗಿತು. "ಎರಡೂ!" ಮತ್ತೆ ಗುಡುಗು. ಮೂರನೆಯದರ ಹೊತ್ತಿಗೆ ಒಂದನೆಯದು ಹೇಗೆ ಕೇಳಿಸಿತ್ತು ಎಂಬುದೇ ನನಗೆ ಮರೆತುಹೋಗಿತ್ತು. "ಒಂದನೇದು ಇನ್ನೊಂದ್ಸಲ!" ಎಂದೆ. ಅದನ್ನು ಕೇಳಿದಾಗ ಎರಡನೆಯದು ಮರೆತುಹೋಯಿತು. ಅಷ್ಟರಲ್ಲಿ ಅಂಗಡಿ ಮುಂದೆ ಒಬ್ಬ ಆಟೋದವನು ಗಾಡಿ ನಿಲ್ಲಿಸಿದ.

"ಏನ್ ಗುರು, ಮೇಲೇನ್ ನಡೀತಾ ಐತೆ?"

"ಕಾರ್ಪೆಟ್ ತಗೋತಾ ಇದೀವಿ."

"ನಾನೊಂದು ಚಾಪೆ ತಗೋಬೇಕಿತ್ತು. ಅದಕ್ಕೂ ಹಿಂಗೆ ಕುಣೀಬೇಕಾ?"

"ನಾಲ್ಕೂ!" ಎಂದು ಮೇಲಿನಿಂದ ಕೂಗು ಬಂತು. ನಾನು ಕಣ್ಣು ಮುಚ್ಚಿದೆ. ಆಹಾ! ಹದವಾದ, ಮೆತ್ತನೆಯ, ದುಂಡಗಿನ ಸದ್ದು. "ಇದೇ! ಒಂಬತ್ತು! ಹತ್ತಕ್ಕೆ ಒಂಬತ್ತು!" ಎಂದು ಕೂಗಿದೆ. ಆಟೋದವನೂ ತಲೆದೂಗಿ, "ಒಂಬತ್ತೂವರೆ ಕೊಡಿ ಸಾರ್," ಎಂದ.

ಮೇಲೆ ಕುಣಿತ ನಿಂತಿತು. ಆಮೇಲೆ ಅಂಗಡಿಯವನು ಅಟ್ಟದಿಂದ ತಲೆ ಇಳಿಬಿಟ್ಟ.

"ಸಾರ್, ನಾಲ್ಕನೇದಕ್ಕೆ ಏನೂ ಹಾಸಿಲ್ಲ. ಹಾಸಿದ್ದು ಎಳ್ಕೊಂಡು ನಂಬರ್ ಕೂಗ್ದೆ. ಹಾಸೋಕೆ ಮುಂಚೇನೇ ಮೇಡಂ ಶುರು ಹಚ್ಕೊಂಬಿಟ್ರು. ನೀವು ಮಾರ್ಕ್ಸ್ ಕೊಟ್ಟಿದ್ದು ಬರೀ ಹಲಗೆಗೆ!"

ಹೆಂಡತಿ ಏಣಿಯ ಮೇಲೆ ಕುಸಿದು ಕೂತು ನಕ್ಕಳು. ಆಟೋದವನು ಕಂಬ ಹಿಡಿದುಕೊಂಡು ನಕ್ಕ. ಹದಿನೇಳು ವರ್ಷ ಓದಿದ ನಾನು ಹಾಸಿಗೆ ಸುರುಳಿಗಳ ನಡುವೆ ಬಿದ್ದು ನಕ್ಕೆ. ಹಲಗೆಗೆ ಒಂಬತ್ತು!

ಸೆರಗಿನಿಂದ ಕಣ್ಣೊರೆಸಿಕೊಂಡು ಹೆಂಡತಿ ಎಂದಳು: "ಅಲ್ಲಾರೀ, ನಿಮ್ಮ ಕಿವಿ ತಗೊಂಡು ಏನ್ ಮಾಡೋಣ? ಕೆಳಗೆ ಕೂತು ಕೇಳಿಸ್ಕೊಳ್ಳೋದು ಅಜ್ಜಿ ತಾನೇ? ಅವರನ್ನೇ ಕರೀರಿ."

ಫೋನು ಮಾಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಆ ಆಟೋದಲ್ಲೇ ಕರೆಸಿಕೊಂಡಾಗ ಅಜ್ಜಿ ಕೊಡೆ ಹಿಡಿದು, ಹೊಸ ಸೀರೆ ಉಟ್ಟು ಬಂದರು. ಅಟ್ಟದ ಅಡಿಯಲ್ಲಿ ಮಡಿಸಿಟ್ಟ ಹಾಸಿಗೆಯ ಮೇಲೆ ಕೂತು, "ಹೂಂ, ಬಾರಿಸಮ್ಮ," ಎಂದರು. ಒಂದು, ಎರಡು, ಮೂರು, ನಾಲ್ಕು. ಈ ಸಲ ನಾಲ್ಕನೆಯದಕ್ಕೆ ಜಮಖಾನ ಹಾಸಿದ್ದನ್ನು ನಾನೇ ಹತ್ತಿ ನೋಡಿ ಬಂದೆ. ಅಜ್ಜಿಯ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ಹೆಂಡತಿ ಇಳಿದುಬಂದು ಅವರೆದುರು ಕೈಕಟ್ಟಿ ನಿಂತಳು. ಅವಳ ಉಸಿರು ಜೋರಾಗಿತ್ತು. ಕುಣಿದದ್ದಕ್ಕಷ್ಟೇ ಅಲ್ಲ.

"ನೋಡಮ್ಮಾ," ಎಂದರು ಅಜ್ಜಿ. "ಮಗ್ಗದ ಶೆಡ್ಡಿನ ಗೋಡೆ ಪಕ್ಕದಲ್ಲೇ ಸಂಸಾರ ಮಾಡಿದೋಳು ನಾನು. ಎಂಟು ಪವರ್‌ಲೂಮು ಒಟ್ಟಿಗೆ ಹೊಡ್ಕೋತಿದ್ರೂ ಮಕ್ಕಳನ್ನ ಮಲಗಿಸಿದೀನಿ. ಸದ್ದಿಗೆ ನಾನೇನು ಹೆದರಲ್ಲ. ಆದ್ರೆ ಮಗ್ಗ ಊಟದ ಹೊತ್ತಿಗೆ ನಿಲ್ತಿತ್ತು, ಸಂಜೆ ನಿಲ್ತಿತ್ತು. ನೀವು ಯಾವಾಗ ನಿಲ್ಲಿಸ್ತೀರೋ ಆ ದೇವರಿಗೇ ಗೊತ್ತು. ಮುಗೀತು ಅಂತ ಕಾಲು ಚಾಚ್ತೀನಿ, ಧಡ್ ಅಂತ ಇನ್ನೊಂದು!"

"ಹಂಗಾದ್ರೆ ಹೊತ್ತು ಗೊತ್ತು ಮಾಡಿದ್ರೆ ಸಾಕಾ ಅಜ್ಜಿ?"

"ನಾಲ್ಕರಿಂದ ಐದು. ಅದರ ಮೇಲೆ ಒಂದು ಏಟು ಬಿದ್ರೂ ಹತ್ತಿ ಬರ್ತೀನಿ."

"ಅಮ್ಮಾ, ಕಾರ್ಪೆಟ್ಟು ಬೇಡ ಅಂತ ಮಾತ್ರ ಅನ್ಬೇಡಿ," ಎಂದು ಅಂಗಡಿಯವನು ಮಧ್ಯೆ ಬಂದ.

"ಬೇಕು ಕಣಪ್ಪಾ, ನನ್ ಸೂರಿನ ಸುಣ್ಣ ಉದುರೋದು ಬೇಡ್ವಾ? ಆ ನವಿಲೆಲ್ಲ ಬೇಡ, ಒಗೆಯೋಕಾಗಲ್ಲ. ಜಮಖಾನ ಎರಡು ಕೊಡು, ಒಂದರ ಮೇಲೊಂದು ಹಾಸ್ಕೋತಾರೆ. ರೇಟು ನಾನು ಹೇಳ್ತೀನಿ, ನೀನು ಬಾಯಿ ಮುಚ್ಕೊಂಡಿರು."

ಅವನು ನಿಜವಾಗಿಯೂ ಬಾಯಿ ಮುಚ್ಚಿಕೊಂಡ. ಎರಡೂ ಸೇರಿ ಫೋನಿನಲ್ಲಿ ಕಂಡ ಕಾರ್ಪೆಟ್ಟಿನ ಬೆಲೆಯ ಕಾಲುಭಾಗಕ್ಕೆ ಸಿಕ್ಕವು. ಜಮಖಾನದ ಸುರುಳಿ ಆಟೋದ ಎರಡೂ ಬದಿಗೆ ಚಾಚಿಕೊಂಡು, ನಡುವೆ ಅಜ್ಜಿ ಮತ್ತು ಹೆಂಡತಿ ಕೂತು, ನನಗೆ ಜಾಗವಿಲ್ಲದೆ ನಾನು ಹಿಂದೆ ನಡೆದು ಬಂದೆ. ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆ. ಅವು ನೀಲಿ ಕೆಂಪು ಪಟ್ಟೆಯವು. ಈಗ ಕಾಲಡಿಯಲ್ಲೇ ಇರುವುದರಿಂದ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಅಂದು ಸಂಜೆ ಅಜ್ಜಿ ನನ್ನನ್ನು ಸಾಕ್ಷಿಗೆಂದು ಕೆಳಗಿನ ತಮ್ಮ ಹಾಲಿಗೆ ಕರೆದು ಕೂರಿಸಿಕೊಂಡರು. ನಾಲ್ಕಕ್ಕೆ ಸರಿಯಾಗಿ ಮೇಲೆ ಶುರುವಾಯಿತು. ದೂರದಲ್ಲಿ ಯಾರೋ ರಾಗಿ ಬಡಿಯುತ್ತಿರುವ ಹಾಗಿತ್ತು, ಅಥವಾ ಹಾಗಿತ್ತೆಂದು ನಾನು ಈಗ ಅಂದುಕೊಳ್ಳುತ್ತಿದ್ದೇನೆ. ಅಜ್ಜಿ ಸೂರನ್ನು ನೋಡಲಿಲ್ಲ, ಗಡಿಯಾರವನ್ನೇ ನೋಡುತ್ತಿದ್ದರು. ಹೆಬ್ಬೆರಳು ಕುರ್ಚಿಯ ಕೈ ಮೇಲೆ ಬಡಿಯುತ್ತಿತ್ತು. ಐದಕ್ಕೆ ಇನ್ನೂ ಮೂರು ನಿಮಿಷ ಇರುವಾಗ ಸದ್ದು ನಿಂತಿತು. ಹೆಂಡತಿ ಹೆದರಿ ಮುಂಚೆಯೇ ನಿಲ್ಲಿಸಿದ್ದಳು.

ಅಜ್ಜಿಯ ಹುಬ್ಬು ಗಂಟಿಕ್ಕಿತು. ಎದ್ದು ಹೋಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲಕ್ಕೆ ಕೂಗಿದರು:

"ಯಾಕ್ರಮ್ಮಾ ನಿಲ್ಸಿದ್ರಿ? ಇನ್ನೂ ಮೂರು ನಿಮಿಷ ಐತೆ!"